ವೃಷಭಾಯದ ಪ್ಲೇಟು ಪೆಟ್ಟಿಗೆ

ದುಂಡಗಿರುವ ವಸ್ತುಗಳಿಗೆ ನಮ್ಮ ಮನೆಗಳಲ್ಲಿ ಜಾಗವಿಲ್ಲ. ಈ ಸತ್ಯವನ್ನು ನನಗೆ ಬೋಧಿಸಿದ ಗುರು ನಮ್ಮ ಮನೆಯ ದೋಸೆಕಲ್ಲು. ನೀವೇ ಒಮ್ಮೆ ಕತ್ತೆತ್ತಿ ಸುತ್ತ ನೋಡಿ: ಕೋಣೆ ಚೌಕ, ಕಿಟಕಿ ಚೌಕ, ಗೋಡೆಯ ಗೂಡು ಚೌಕ, ಅಡುಗೆಮನೆಯಲ್ಲಿ ಕಡಪ ಕಲ್ಲು ಹಾಸಿ ಕಟ್ಟಿದ ಅಂಕಣಗಳೂ ಚೌಕ. ಆದರೆ ಬೆಳಗಾದರೆ ನಮ್ಮ ಕೈಗೆ ಬರುವ ಜರಡಿ, ಚಪಾತಿ ಮಣೆ, ಇಡ್ಲಿ ತಟ್ಟೆ, ಪರಾತ, ಎಲ್ಲವೂ ದುಂಡು. ಮನೆ ಕಟ್ಟಿಸುವವರು ಗಂಡಸರು, ಅದರೊಳಗೆ ಸಾಮಾನು ಜೋಡಿಸುವವರು ಹೆಂಗಸರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದರಲ್ಲೂ ದೋಸೆಕಲ್ಲಿನ ಪಾಡು ಯಾರಿಗೂ ಬೇಡ. ಮಲಗಿಸಿದರೆ ಇಡೀ ಅಂಕಣವನ್ನು ಆಕ್ರಮಿಸುತ್ತದೆ, ನಿಲ್ಲಿಸಿದರೆ ಉರುಳುತ್ತದೆ, ಮೊಳೆಗೆ ನೇತುಹಾಕಿದರೆ ಸುಣ್ಣದ ಗೋಡೆಯ ಮೇಲೆ ಕರಿಯ ಚಂದ್ರನನ್ನು ಬರೆಯುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಅದು ಗ್ಯಾಸ್ ಸಿಲಿಂಡರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಯಾರೂ ಕೂರಲು ಹೇಳದ ನೆಂಟನಂತೆ, ಒರಗಿಕೊಂಡು ನಿಂತಿರುತ್ತದೆ.

ದೋಸೆಕಲ್ಲು ಒಂದೇ ಆಗಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹುಡುಗಿಯಾದ ನಾನು ಶಿವಮೊಗ್ಗದ ದುರ್ಗಿಗುಡಿಯ ಈ ಮನೆಗೆ ಸೊಸೆಯಾಗಿ ಬಂದಾಗ, ಜಾಗವಿಲ್ಲದ ದುಂಡುವಸ್ತುಗಳ ಒಂದು ದೊಡ್ಡ ಸಂಸಾರವೇ ನನಗಿಂತ ಮೊದಲು ಇಲ್ಲಿ ಬಂದು ನೆಲೆಸಿತ್ತು. ಅವು ನಮ್ಮ ಅತ್ತೆಯ ಗ್ರಾಮಾಫೋನ್ ಪ್ಲೇಟುಗಳು. ಊಟದ ತಟ್ಟೆಯಷ್ಟು ಅಗಲದ, ಚೌಕನೆಯ ರಟ್ಟಿನ ಕವಚ ತೊಟ್ಟ ದೊಡ್ಡ ಪ್ಲೇಟುಗಳು. ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾವನವರು ಬೆಂಗಳೂರಿಗೆ ಮಾಲು ತರಲು ಹೋದಾಗಲೆಲ್ಲ, ಹೆಂಡತಿಗೆ ಸೀರೆ ತರುವ ಅಗತ್ಯವಿಲ್ಲದ ಕಾರಣ, ಒಂದು ಪ್ಲೇಟು ತರುತ್ತಿದ್ದರಂತೆ. ಮಾವನವರು ತೀರಿಕೊಂಡ ಮೇಲೆ ಪ್ಲೇಟುಗಳ ಬರವು ನಿಲ್ಲಬೇಕಿತ್ತು, ಬದಲಿಗೆ ಹೆಚ್ಚಾಯಿತು. ಕ್ಯಾಸೆಟ್ಟುಗಳು ಬಂದು ಊರಿನವರೆಲ್ಲ ತಮ್ಮ ಹಳೆಯ ಪ್ಲೇಟುಗಳನ್ನು ಹೊರಹಾಕತೊಡಗಿದಾಗ, ಗುಜರಿಗೆ ಹಾಕಲು ಮನಸ್ಸು ಬಾರದವರು ನಮ್ಮ ಮನೆಗೆ ಹಾಕಿದರು. "ನಿಮ್ಮನೇಲಿ ಹೆಂಗೂ ಪ್ಲೇಟು ಹಾಕ್ತಾರಲ್ಲ, ಇದೂ ಇರ್ಲಿ" ಎಂದು ಜಗುಲಿಯ ಮೇಲೆ ಇಟ್ಟು ಹೋಗುವವರೇ ಎಲ್ಲರೂ. ಹೊಳಲೂರಿನ ನೆಂಟರೊಬ್ಬರು ಸೌತೆಕಾಯಿಯ ಚೀಲದಲ್ಲೇ ಪ್ಲೇಟುಗಳನ್ನೂ ತುಂಬಿ ಕಳಿಸಿದ್ದರು. ಒಂದು ವಾರ ನಮ್ಮ ಮನೆಯ ಭಕ್ತಿಸಂಗೀತಕ್ಕೆ ಸೌತೆಕಾಯಿಯ ಕಂಪು. ಅತ್ತೆ ಯಾರಿಗೂ ಬೇಡವೆನ್ನಲಿಲ್ಲ. ನಮ್ಮ ಮನೆ ಪ್ಲೇಟುಗಳ ಅನಾಥಾಶ್ರಮವಾಯಿತು.

ಅನಾಥಾಶ್ರಮವೆಂದರೆ ವಸತಿಯ ಸಮಸ್ಯೆ ಇದ್ದದ್ದೇ. ಕೆಲವು ಕಬ್ಬಿಣದ ಟ್ರಂಕಿನಲ್ಲಿ, ಕೆಲವು ಮಂಚದ ಕೆಳಗೆ, ಕೆಲವು ಹಾಸಿಗೆಗಳ ಮಡಿಕೆಯಲ್ಲಿ. ಬೀರುವಿನ ನೆತ್ತಿಯ ಮೇಲೆ ಪೇರಿಸಿದ್ದವು ಬೇಸಿಗೆಯ ಕಾವಿಗೆ ಅಂಚು ಮೇಲೆದ್ದು, ಎಣ್ಣೆಗೆ ಬಿಟ್ಟ ಹಪ್ಪಳದಂತಾಗಿದ್ದವು. ಆದರೂ ಅತ್ತೆಯ ತಲೆಯಲ್ಲಿ ಇಡೀ ಸಾಮ್ರಾಜ್ಯದ ಭೂಪಟವಿತ್ತು. ಕೂತಲ್ಲಿಂದಲೇ ಕಣ್ಣಾಡಿಸಿ, ನೆಟ್ಟಗೆ ಎದ್ದು ಹೋಗಿ, ಮಂಚದ ಕೆಳಗಿನ ಮೂರನೆಯ ರಾಶಿಯಿಂದ ತಮಗೆ ಬೇಕಾದದ್ದನ್ನೇ ಎಳೆದು ತರುತ್ತಿದ್ದರು. ತಂದ ಪ್ಲೇಟನ್ನು ಹಾಗೆಯೇ ಹಾಕುವವರಲ್ಲ. ಹಳೆಯ ಮಲ್‌ಬಟ್ಟೆಯೊಂದರಿಂದ, ದೋಸೆಕಲ್ಲಿಗೆ ಈರುಳ್ಳಿ ಹೋಳು ಉಜ್ಜುವ ಹಾಗೆ, ನಡುವಿನಿಂದ ಅಂಚಿಗೆ ಸುತ್ತಿ ಸುತ್ತಿ ಒರೆಸಿ, ಕಿರುಬೆರಳನ್ನು ಗ್ರಾಮಾಫೋನಿನ ಅಂಚಿನ ಮೇಲೆ ಊರಿ, ಉಸಿರು ಹಿಡಿದು ಮುಳ್ಳು ಇಳಿಸುತ್ತಿದ್ದರು. ಅದನ್ನು ನೋಡುವುದು ನನಗೆ ಹಾಡಿಗಿಂತ ಇಷ್ಟವಾಗಿತ್ತು.

ಆಮೇಲೆ ಅವರ ಕಣ್ಣು ಮಸುಕಾಗತೊಡಗಿತು. ಕಣ್ಣಿನೊಳಗಿನ ಒತ್ತಡದಿಂದ ನರ ಸೊರಗಿದೆ, ಹೋದದ್ದು ವಾಪಸು ಬಾರದು, ಇರುವುದನ್ನು ಕಾಪಾಡಿಕೊಳ್ಳೋಣ ಎಂದು ಡಾಕ್ಟರು ಸೌಮ್ಯವಾಗಿ ಹೇಳಿದರು. ಅತ್ತೆ ಅದನ್ನು ಇನ್ನೂ ಸೌಮ್ಯವಾಗಿ ಕೇಳಿಸಿಕೊಂಡರು. ಮನೆಯೊಳಗಿನ ಓಡಾಟಕ್ಕೆ ಹೆಚ್ಚೇನೂ ತೊಡಕಾಗಲಿಲ್ಲ. ಹೊಸ್ತಿಲುಗಳೆಲ್ಲ ಅವರ ಪಾದಗಳಿಗೆ ಪರಿಚಿತ. ಆದರೆ ಪ್ಲೇಟುಗಳು ಮಾತ್ರ ಅವರ ಕೈಮೀರಿ ಹೋದವು. ರಾಶಿಯಲ್ಲಿ ಮಲಗಿದ ರಟ್ಟುಗಳು ಮುಟ್ಟಿದರೆ ಎಲ್ಲವೂ ಒಂದೇ. ಮೊದಮೊದಲು ನನ್ನನ್ನು ಕರೆಯುತ್ತಿದ್ದರು. ನಾನು ಸಾರಿಗೆ ಒಗ್ಗರಣೆ ಕೊಡುತ್ತಿದ್ದರೆ, "ಆಗ್ಲಿ ಆಗ್ಲಿ, ನಿಧಾನಕ್ಕೆ ಬಾ" ಎನ್ನುತ್ತಿದ್ದರು. ನಿಧಾನಕ್ಕೆ ಹೋಗಿ ನಾನು ಮಂಚದ ಕೆಳಗೆ ತಲೆ ತೂರಿಸಿ, ಹುಡುಕಿ, ಸೀನಿ, ತಂದುಕೊಟ್ಟರೆ, "ನಿಂಗೆಷ್ಟು ತೊಂದ್ರೆ ಕೊಟ್ಟೆ" ಎನ್ನುತ್ತಿದ್ದರು. ಕ್ರಮೇಣ ಕರೆಯುವುದು ಕಮ್ಮಿಯಾಯಿತು. ಮಲ್‌ಬಟ್ಟೆ ನಾನು ಮಡಿಸಿಟ್ಟ ಮಡಿಕೆಯಲ್ಲೇ ಇರುವುದನ್ನು ಗಮನಿಸಿ ಒಂದು ಸಂಜೆ ನಾನೇ ಕೇಳಿದೆ:

"ಅತ್ತೆ, ಯಾವ್ ಪ್ಲೇಟು ಹಾಕ್ಲಿ?"

"ಯಾವುದಾದ್ರೂ ಹಾಕು."

ಯಾವುದಾದರೂ! ಒಂದೇ ಗಾಯಕಿಯ ಎರಡು ಪ್ಲೇಟುಗಳಲ್ಲಿ ಒಂದು ಬೆಳಗಿಗೆ, ಇನ್ನೊಂದು ಸಂಜೆಗೆ ಎಂದು ವಿಂಗಡಿಸಿ, ತಪ್ಪಿ ಅದಲು ಬದಲಾದರೆ ಕಾಫಿ ಕೆಳಗಿಟ್ಟು ಎದ್ದು ಹೋಗುತ್ತಿದ್ದ ಹೆಂಗಸಿನ ಬಾಯಲ್ಲಿ ಈ ಮಾತು. ಕಣ್ಣಿನ ವಿಷಯ ಕೇಳಿದಾಗ ಆಗದ ದಿಗಿಲು ನನಗೆ ಆಗ ಆಯಿತು. ಮನುಷ್ಯರು ದೃಷ್ಟಿ ಕಳೆದುಕೊಂಡು ಬಾಳಬಲ್ಲರು. ಇಂಥದ್ದೇ ಬೇಕು ಎನ್ನುವ ಹಟ ಕಳೆದುಕೊಂಡರೆ ಉಳಿಯುವುದೇನು?

ನಮ್ಮ ಯಜಮಾನರು ಸಮಸ್ಯೆಯನ್ನು ಕೇಳಿ, ಅಂಗಡಿಯವರಿಗೆ ಸಹಜವಾದ ಚುರುಕಿನಿಂದ ಪರಿಹಾರ ಸೂಚಿಸಿದರು. "ಅಷ್ಟನ್ನೂ ಕ್ಯಾಸೆಟ್ಟಿಗೆ ಹಾಕಿಸಿಬಿಡಾಣ. ಅಮ್ಮ ಗುಂಡಿ ಒತ್ತಿದ್ರೆ ಆಯ್ತು. ಪ್ಲೇಟು ಯಾರಾದ್ರೂ ಕೇಳ್ತಾರಾ ಈಗ? ಸೀಡಿ ಬಂದಿದೆ ಮಾರಾಯ್ತಿ, ಕೈಯಗಲ ಇಲ್ಲ ಅದು." ಮಾತಿಗೆ ತಪ್ಪದೆ ಒಂದು ಟೇಪ್‌ರೆಕಾರ್ಡರನ್ನೂ ಕೆಲವು ಕ್ಯಾಸೆಟ್ಟುಗಳನ್ನೂ ತಂದರು. ಅತ್ತೆ ಮಗನ ಮನಸ್ಸು ನೋಯಬಾರದೆಂದು ಗುಂಡಿ ಒತ್ತಿ ಕೇಳಿದರು, ಚೆನ್ನಾಗಿದೆ ಎಂದರು, ಮಾರನೆಯ ದಿನದಿಂದ ಮುಟ್ಟಲಿಲ್ಲ. ಕಾರಣ ಕೇಳಿದ್ದಕ್ಕೆ ನನ್ನ ಅಂಗೈಯಲ್ಲಿ ಎರಡು ಕ್ಯಾಸೆಟ್ಟುಗಳನ್ನಿಟ್ಟು, "ಕಣ್ಣು ಮುಚ್ಕೊಂಡು ಹೇಳು, ಯಾವುದು ಯಾವುದು?" ಎಂದರು. ಸಾಬೂನಿನ ಪೆಟ್ಟಿಗೆಗಳಂತೆ ಎರಡೂ ಒಂದೇ ಥರ ನುಣ್ಣಗಿದ್ದವು. ನಾನು ಸೋತೆ.

ಕಣ್ಣು ಮುಚ್ಚಿಕೊಂಡು ಎಂದಾಗ ನನಗೆ ಸಿಸ್ಟರ್ ನೆನಪಾದರು. ಭದ್ರಾವತಿಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ, ಮಲೆಯಾಳ ಬೆರೆತ ಕನ್ನಡದ ಸಿಸ್ಟರ್. ಅವರಿಗೊಂದು ವಿಚಿತ್ರ ಪರೀಕ್ಷೆಯಿತ್ತು. ಶುಕ್ರವಾರ ಕಡೆಯ ಪೀರಿಯಡ್ಡಿನಲ್ಲಿ ನಾವೆಲ್ಲ ಕಣ್ಣು ಮುಚ್ಚಿ ಕೂರಬೇಕು. ಅವರು "ಕತ್ತರಿ" ಎಂದರೆ ಡೆಸ್ಕಿನೊಳಗೆ ಕೈ ಹಾಕಿ ಕತ್ತರಿಯನ್ನೇ ಎತ್ತಬೇಕು. "ನೀಲಿ ದಾರ" ಎಂದರೆ ನೀಲಿ ದಾರವನ್ನೇ. ತಡಕಾಡಿದವಳಿಗೆ ಅಂಕ ಕಟ್. ಕೆಂಪು ದಾರ ಎತ್ತಿ ಹಿಡಿದ ಗೆಳತಿಯನ್ನು ನೋಡಿ ನಾವು ಕದ್ದು ನಗುತ್ತಿದ್ದೆವು, ಅಂದರೆ ನಮ್ಮ ಕಣ್ಣು ಅರ್ಧ ತೆರೆದಿತ್ತು ಎಂದೇ ಅರ್ಥ. ಆಗ ಅದು ನನಗೆ ಶುದ್ಧ ಪೀಡನೆಯಾಗಿ ಕಂಡಿತ್ತು. ಈಗ ಅದೇ ನನ್ನ ಸಂಕಲ್ಪದ ಮೂಲಮಂತ್ರವಾಯಿತು: ಅತ್ತೆ ಯಾರನ್ನೂ ಕರೆಯದೆ, ತಮ್ಮ ಕೈಯಿಂದಲೇ, ತಮಗೆ ಬೇಕಾದ ಪ್ಲೇಟನ್ನೇ ಎತ್ತಿಕೊಳ್ಳುವಂಥ ಒಂದು ಕಪಾಟು ಮಾಡಿಸಬೇಕು. ಸಿಸ್ಟರ್ ಬಂದು ನೋಡಿದರೂ ಪಾಸಾಗಬೇಕು.

ಊರಿನ ಫರ್ನಿಚರ್ ಅಂಗಡಿಗಳಿಗೆ ಹೋದೆ. ಒಂದು ಕಡೆ ಗಾಜಿನ ಬಾಗಿಲಿನ ಷೋಕೇಸು ತೋರಿಸಿದರು. ಪ್ಲೇಟು ನೋಡಿಕೊಂಡು ಕೂರಬಹುದಂತೆ. ಇನ್ನೊಂದು ಕಡೆ ಟೀವಿ ಸ್ಟ್ಯಾಂಡಿನ ಕೆಳಗಿನ ಅಂಕಣದಲ್ಲಿ "ಅಡ್ಜಸ್ಟ್ ಮಾಡ್ಕಳಿ ಮೇಡಂ" ಎಂದರು. ಅಡ್ಜಸ್ಟ್ ಮಾಡಿಕೊಳ್ಳುವುದರಲ್ಲೇ ಅರ್ಧ ಆಯುಷ್ಯ ಕಳೆದಿದ್ದರಿಂದ, ಈ ಒಂದು ವಿಷಯದಲ್ಲಿ ಬೇಡವೆಂದು ನಿರ್ಧರಿಸಿದೆ. ಮನೆಗೆ ಬಂದು ಹೊಲಿಗೆ ಟೇಪು ಹಿಡಿದು ಅಳತೆಗೆ ಕೂತೆ. ಪ್ಲೇಟುಗಳು ಪುಸ್ತಕದಂತೆ ನೆಟ್ಟಗೆ ನಿಲ್ಲಬೇಕು, ರಾಶಿ ಮಲಗಬಾರದು. ಕವಚದ ಎತ್ತರಕ್ಕಿಂತ ಅಂಕಣದ ಎತ್ತರ ಒಂದು ಬೆರಳು ಹೆಚ್ಚಿರಬೇಕು. ಆದರೆ ಒಳಗಿನ ಆಳ ಎರಡು ಬೆರಳು ಕಮ್ಮಿಯಿರಬೇಕು. ಆಗ ಪ್ರತಿ ಕವಚದ ಅಂಚೂ ಹೊರಗೆ ಚಾಚಿಕೊಂಡು ಅತ್ತೆಯ ಬೆರಳಿಗೆ ಸಿಗುತ್ತದೆ. ಈ ಕೊನೆಯ ಉಪಾಯ ಹೊಳೆದಾಗ ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ, ಒಂದು ಲೋಟ ಕಾಫಿ ಹೆಚ್ಚು ಕುಡಿದೆ. ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಕತ್ತರಿಸಿ, ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಮಾದರಿಯನ್ನೂ ಅಂಟಿಸಿದೆ.

ಬಡಗಿ ಯಾರೆಂಬ ಪ್ರಶ್ನೆಯೇ ಇರಲಿಲ್ಲ. ಭದ್ರಾವತಿಯ ಹಳೇನಗರದ ಮೌನೇಶಾಚಾರ್ ನನ್ನ ತೊಟ್ಟಿಲು ಮಾಡಿದವರು. ಹೆಸರಿನಲ್ಲಿ ಮಾತ್ರ ಮೌನ. ಬಾಯಿ ಬಿಟ್ಟರೆ ಉಳಿಯ ಸದ್ದೂ ಅದರಲ್ಲಿ ಮುಳುಗಿಹೋಗುತ್ತದೆ. ಅವರ ಬಳಿ ಹೋಗಲು ಬಸ್ಸು ಹತ್ತಿ ಕೂತರೆ, ಮಾಚೇನಹಳ್ಳಿಯ ಶೆಡ್ಡುಗಳು ದಾಟುವಷ್ಟರಲ್ಲಿ ನಾನು ಸೊಸೆಯ ವೇಷ ಕಳಚಿ ಮಗಳಾಗಿಬಿಡುತ್ತೇನೆ. ಆವತ್ತೂ ಹಾಗೇ ಹೋಗಿ, ಅವರ ಅಂಗಳದ ಮರದ ಹೊಟ್ಟಿನ ಮೇಲೆ ನಿಂತು, ರಟ್ಟಿನ ಮಾದರಿ ತೋರಿಸಿದೆ. ಒಂದು ಪ್ಲೇಟನ್ನು ಜೊತೆಗೆ ಒಯ್ಯುವ ಆಸೆಯಿತ್ತು. ಬಸ್ಸಿನ ನೂಕುನುಗ್ಗಲಿಗೆ ತಮ್ಮ ಮಕ್ಕಳಲ್ಲಿ ಒಂದನ್ನೂ ಕಳಿಸಲು ಅತ್ತೆ ಒಪ್ಪಲಿಲ್ಲ.

"ಹಲಸಿನ ಮರ ಹಾಕ್ತೀನಮ್ಮ. ವೀಣೆಗೆ ಹಲಸು, ಮೃದಂಗಕ್ಕೆ ಹಲಸು, ಪ್ಲೇಟಿಗೂ ಹಲಸೇ ಆಗ್ಲಿ" ಎಂದರು ಆಚಾರ್ರು. ನನ್ನ ಅಳತೆಯನ್ನು ಒಂದು ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡು, ತುಟಿಯಲ್ಲೇ ಏನನ್ನೋ ಗುಣಿಸಿದರು. "ಆಯ ಒಂದು ನೋಡ್ಬೇಕು."

"ಪ್ಲೇಟು ಇಡೋ ಕಪಾಟಿಗೆ ಎಂಥ ಆಯ ಆಚಾರ್ರೆ? ನಾನೇನು ಮನೆ ಕಟ್ಟಿಸ್ತಿದ್ದೀನಾ?" ಎಂದು ನಕ್ಕೆ.

ಆಯ ಗೊತ್ತಿಲ್ಲದವರಿಗೆ ಒಂದು ಮಾತು. ಮನೆಯಾಗಲಿ, ಬಾಗಿಲಾಗಲಿ, ತೊಟ್ಟಿಲಾಗಲಿ, ಅದರ ಅಳತೆಗಳನ್ನು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಅದರ ಹಣೆಬರಹವನ್ನು ಓದುವ ಲೆಕ್ಕ ಅದು. ಶೇಷಕ್ಕೊಬ್ಬ ಒಡೆಯ. ಅದೃಷ್ಟವಿದ್ದರೆ ಸಿಂಹ, ಆನೆ, ವೃಷಭ. ಇಲ್ಲವಾದರೆ ನಾಯಿ, ಕಾಗೆ, ಹೊಗೆ, ಇತ್ಯಾದಿ. ನನ್ನ ನಗುವಿಗೆ ಆಚಾರ್ರು ಉತ್ತರ ಕೊಡಲಿಲ್ಲ. ಮೌನೇಶಾಚಾರ್ ಮೌನವಾದದ್ದನ್ನು ಕಂಡೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಕಪಾಟು ಬಂದ ದಿನ ಅತ್ತೆ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ವಿಭೂತಿ ಧರಿಸಿ ಕಾದಿದ್ದರು. ಹೆಣ್ಣು ನೋಡಲು ಬರುವವರನ್ನು ಕಾಯುವ ಸಡಗರ. ಆಚಾರ್ರೇ ಟೆಂಪೋದ ಮುಂದೆ ಕೂತು ಬಂದಿದ್ದರು. ನಡುಮನೆಯಲ್ಲಿ ಅದನ್ನು ಇಳಿಸಿದಾಗ ಹಳದಿ ಹಲಸು ಬೆಳಕನ್ನೇ ಕುಡಿದಂತಿತ್ತು. ಮೇಲೊಂದು ಸಾಲು, ಕೆಳಗೊಂದು ಸಾಲು, ನಡುವೆ ಅಡ್ಡಗೋಡೆಗಳು. ನನ್ನ ಬೆಂಕಿಪೆಟ್ಟಿಗೆ ಬೆಳೆದು ದೊಡ್ಡದಾಗಿ ಬಂದು ನಿಂತಿತ್ತು. ಅತ್ತೆ ಹತ್ತಿರ ಬಂದು, ಹಲಗೆಯನ್ನು ನೇವರಿಸಿ, ಮೂಸಿ, "ಹಣ್ಣಿನ ವಾಸ್ನೆ ಇನ್ನೂ ಇದೆ ನೋಡೇ" ಎಂದರು. ಆಮೇಲೆ, ಮಾವನವರು ತಂದ ಮೊದಲನೆಯ ಪ್ಲೇಟನ್ನು ನನ್ನ ಕೈಗೆ ಕೊಡದೆ, ತಾವೇ ಒಳಗೆ ತೂರಿಸಹೋದರು.

ಅದು ಹೋಗಲಿಲ್ಲ.

ಇನ್ನೊಂದು ಅಂಕಣಕ್ಕೆ ಹಿಡಿದರು. ಹೋಗಲಿಲ್ಲ. ನಾನು ಇಸಿದುಕೊಂಡು ಕೆಳಗಿನ ಸಾಲಿಗೆ ಹಿಡಿದೆ. ರಟ್ಟಿನ ತಲೆ ಮೇಲಿನ ಹಲಗೆಗೆ ಬಡಿಯಿತು. ಬೆರಳಿನ ಕಾಲುಭಾಗದಷ್ಟು, ಇಷ್ಟೇ ಇಷ್ಟು, ಕಮ್ಮಿ.

"ಆಚಾರ್ರೆ, ನಾನು ಕೊಟ್ಟ ಅಳತೆ ಏನಾಯ್ತು?"

ಆಚಾರ್ರ ಮುಖದಲ್ಲಿ ಅಪರಾಧದ ಸುಳಿವೂ ಇರಲಿಲ್ಲ. ಬದಲಿಗೆ ದೊಡ್ಡ ಗಂಡಾಂತರವೊಂದರಿಂದ ನಮ್ಮನ್ನು ಪಾರುಮಾಡಿದ ಕಳೆಯಿತ್ತು. "ನೀವು ಕೊಟ್ಟ ಅಳತೆಗೆ ಖರಾಯ ಬರುತ್ತಮ್ಮ. ಖರ ಅಂದ್ರೆ ಕತ್ತೆ. ಸಂಗೀತ ಇಡೋ ಪೆಟ್ಟಿಗೆಗೆ ಕತ್ತೆ ಆಯ ಇಟ್ಟು ಕೊಟ್ಟಿದ್ರೆ ನಾಳೆ ಆ ಪ್ಲೇಟಿಂದ ಎಂಥ ಸ್ವರ ಬರ್ತಿತ್ತು, ನೀವೇ ಹೇಳಿ! ಎತ್ತರ ಒಂಚೂರು ಇಳಿಸ್ದೆ, ಅಗಲ ಒಂಚೂರು ಏರಿಸ್ದೆ, ವೃಷಭಾಯ ಕೂತ್ಕಂತು. ಶಿವಭಕ್ತರ ಮನೆ, ಬಸವಣ್ಣ ಬಂದ. ಇನ್ನೇನ್ ಬೇಕು?"

"ಪ್ಲೇಟು ಒಳಗೆ ಹೋಗ್ಬೇಕು!"

"ಹೋಗುತ್ತಲ್ಲಮ್ಮ. ಪ್ಲೇಟು ದುಂಡಗಿದೆ, ಸಲೀಸಾಗಿ ಹೋಗುತ್ತೆ. ಹೋಗದೇ ಇರೋದು ಅದರ ಅಂಗಿ. ಅಂಗಿ ಬಿಚ್ಚಿ ಇಡಿ."

ನಮ್ಮ ಯಜಮಾನರು ಬಾಗಿಲ ಬಳಿ ತಿರುಗಿ ನಿಂತು ಭುಜ ಕುಣಿಸುತ್ತಿದ್ದರು. ನಗುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ. ನನಗೆ ಮಾತ್ರ ಅಳು ಬರುವಂತಾಗಿತ್ತು. ಬರಿಮೈಯಲ್ಲಿ ಒಂದಕ್ಕೊಂದು ಉಜ್ಜಿಕೊಂಡು ನಿಂತರೆ ಪ್ಲೇಟುಗಳ ಗತಿಯೇನು? ಕವಚವಿಲ್ಲದೆ ಅತ್ತೆ ಅವುಗಳನ್ನು ಗುರುತಿಸುವುದಾದರೂ ಹೇಗೆ? ಆದರೆ ನನ್ನನ್ನು ನಿಜವಾಗಿ ಚುಚ್ಚಿದ್ದು ಆಚಾರ್ರ ಮಾತಲ್ಲ. ಅತ್ತೆ ಪ್ಲೇಟನ್ನು ಎದೆಗೆ ಒತ್ತಿಕೊಂಡು, ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ, "ಹೋಗ್ಲಿ ಬಿಡೇ. ಎಲ್ಲಾದ್ರೂ ಇರ್ಲಿ" ಎಂದರು.

ಯಾವುದಾದರೂ ಆಯಿತು, ಈಗ ಎಲ್ಲಾದರೂ. ಇಲ್ಲಿಗೆ ಬಿಟ್ಟರೆ ಮುಂದಿನದು ಹೇಗಾದರೂ ಎಂದು ನನಗೆ ಗೊತ್ತಿತ್ತು. ಕಾನ್ವೆಂಟಿನಲ್ಲಿ ಮೃದುವಾಗಿ ಮಾತಾಡಲು ಕಲಿಸಿದ್ದರು, ಮೃದುವಾಗಿಯೇ, ಆದರೆ ಮೊಳೆ ಹೊಡೆದ ಹಾಗೆ, ಹೇಳಿದೆ: "ಇಲ್ಲ ಅತ್ತೆ. ಎಲ್ಲಾದ್ರೂ ಇರೋ ಹಾಗಿಲ್ಲ. ಆಚಾರ್ರೆ, ಇದನ್ನ ಬಿಚ್ಚಿ ಬೇರೆ ಮಾಡಿ. ಕತ್ತೆ ಬಂದ್ರೂ ಪರವಾಗಿಲ್ಲ, ಹುಲ್ಲು ನಾನು ಹಾಕ್ತೀನಿ."

ಆಚಾರ್ರು ಮುಖ ಸಣ್ಣದು ಮಾಡಿಕೊಂಡರು. ಕೂತ ವೃಷಭವನ್ನು ಎಬ್ಬಿಸುವುದು ಅವರಿಗೆ ಒಪ್ಪಿತವಿರಲಿಲ್ಲ. ಟೆಂಪೋ ಬೇರೆ ಆಗಲೇ ಹೊರಟುಹೋಗಿತ್ತು. ಮುಂದಿನ ಸಲ ಗಾಡಿ ಸಿಕ್ಕಾಗ ಬಂದು ಒಯ್ಯುತ್ತೇನೆಂದು ಗೊಣಗಿ, ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೋದರು. ನಿಲ್ಲಿಸಿದ ಕಪಾಟು ಕಿಟಕಿಯ ಬೆಳಕಿಗೆ ಅಡ್ಡವಾಗುತ್ತಿದ್ದರಿಂದ ಯಜಮಾನರು ಅದನ್ನು ಬೆನ್ನಿನ ಮೇಲೆ ಅಂಗಾತ ಮಲಗಿಸಿದರು. ಅಂಕಣಗಳೆಲ್ಲ ಆಕಾಶ ನೋಡುತ್ತ ಬಾಯಿ ತೆರೆದುಕೊಂಡವು. ಕಪಾಟಿಗೆ ತುಂಬಲೆಂದು ಟ್ರಂಕಿನಿಂದ, ಮಂಚದ ಕೆಳಗಿನಿಂದ ನಾನು ಹೊರತೆಗೆದಿದ್ದ ಪ್ಲೇಟುಗಳು ಅದರ ಸುತ್ತ ನೆಲದ ಮೇಲೆ, ನೆರೆ ಬಂದು ಮನೆ ಬಿಟ್ಟವರ ಗಂಟುಗಳಂತೆ, ಹರಡಿಕೊಂಡಿದ್ದವು. ಮರಳಿ ಒಳಗಿಡಲು ನನಗೆ ಮನಸ್ಸಾಗಲಿಲ್ಲ. ಒಳಗಿಟ್ಟರೆ ಸೋಲೊಪ್ಪಿದಂತೆ.

ಮರುದಿನ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ನಡುಮನೆಯಿಂದ ಒಂದು ಸದ್ದು ಕೇಳಿಸಿತು. ಟಪ್. ಟಪ್. ಟಪ್. ಸಂತೆಯಲ್ಲಿ ವೀಳ್ಯದೆಲೆಯವಳು ಕವಳೆ ಕಟ್ಟಲು ಎಣಿಸುವಾಗ ಎಲೆಯ ಮೇಲೆ ಎಲೆ ಬೀಳುತ್ತದಲ್ಲ, ಅಂಥ ನಿಯಮಿತವಾದ, ತೃಪ್ತವಾದ ಸದ್ದು. ಸಟ್ಟುಗ ಹಿಡಿದೇ ಬಂದು ನೋಡಿದೆ. ಅತ್ತೆ ಮಣೆಯ ಮೇಲೆ ಕೂತು, ಮಲಗಿದ ಕಪಾಟಿನ ಬಾಯೊಳಗೆ ಕೈಯಿಟ್ಟಿದ್ದರು. ಒಳಗೆ ಪ್ಲೇಟುಗಳು ಅಂಗಿ ಸಮೇತ ನೆಟ್ಟಗೆ ನಿಂತಿದ್ದವು. ಅತ್ತೆ ಅವುಗಳ ತಲೆ ಹಿಡಿದು ಒಂದೊಂದನ್ನೇ ತಮ್ಮ ಕಡೆಗೆ ಬಾಗಿಸುತ್ತಿದ್ದರು. ಟಪ್. ಟಪ್.

"ಅತ್ತೆ, ಇದೇನಿದು?"

"ಕಾಲಿಗೆ ಸಿಗ್ತಿದ್ವು ಕಣೇ. ತುಳಿದುಬಿಟ್ರೆ ಅಂತ ಒಳಗೆ ಹಾಕ್ದೆ. ತಪ್ಪಾಯ್ತಾ?"

ನಾನು ಅಲ್ಲೇ ನೆಲದ ಮೇಲೆ ಕೂತು ನೋಡಿದೆ. ಕಪಾಟು ನಿಂತಾಗ ಎತ್ತರವಾಗಿದ್ದದ್ದು ಈಗ ಹಿಂದುಮುಂದಿನ ಉದ್ದವಾಗಿತ್ತು. ಅದು ಕೊಂಚ ಕಮ್ಮಿಯಾದರೆ ಕೆಲವು ಪ್ಲೇಟು ಕಮ್ಮಿ ಹಿಡಿಯುತ್ತದೆ, ಅಷ್ಟೇ. ಕವಚಗಳಿಗೆ ಬೇಕಿದ್ದದ್ದು ಅಗಲ. ಎತ್ತರದಲ್ಲಿ ಕದ್ದದ್ದನ್ನು ಆಚಾರ್ರು ವೃಷಭನ ಹೆಸರಿನಲ್ಲಿ ಅಗಲಕ್ಕೆ ಸೇರಿಸಿದ್ದರಿಂದ, ಅಲ್ಲಿ ಕವಚದ ಪಕ್ಕ ಕೈ ತೂರುವಷ್ಟು ಧಾರಾಳ ಜಾಗವಿತ್ತು. ಆಳವನ್ನು ನಾನು ಎರಡು ಬೆರಳು ಕಮ್ಮಿ ಮಾಡಿಸಿದ್ದೆನಲ್ಲ, ಹಾಗಾಗಿ ಪ್ರತಿ ಪ್ಲೇಟೂ ಎರಡು ಬೆರಳಷ್ಟು ತಲೆ ಹೊರಹಾಕಿ ನಿಂತಿತ್ತು. ನನ್ನ ಬುದ್ಧಿವಂತಿಕೆ, ಆಚಾರ್ರ ಶಾಸ್ತ್ರ, ಎರಡೂ ನಿಂತಿದ್ದಾಗ ಜಗಳವಾಡಿ, ಮಲಗಿದ ಮೇಲೆ ರಾಜಿಯಾಗಿದ್ದವು. ಪುಸ್ತಕದಂತೆ ನಿಂತ ಸಾಲಿನಲ್ಲಿ ಅತ್ತೆಗೆ ಸಿಗುತ್ತಿದ್ದದ್ದು ಬರೀ ಅಂಚು. ಹೀಗೆ ಮೇಲಿನಿಂದ ಬಾಗಿಸಿದರೆ ಇಡೀ ಮುಖವೇ ಅಂಗೈಗೆ ಸಿಗುತ್ತಿತ್ತು. ಇಲಿ ಕಡಿದ ಮೂಲೆ, ಟೇಪು ಅಂಟಿಸಿದ ಹರಕು, ನೀರು ಬಿದ್ದು ಉಬ್ಬಿದ ರಟ್ಟು, ಎಲ್ಲವನ್ನೂ ಅವರು ಮೊಮ್ಮಕ್ಕಳ ಕೆನ್ನೆ ಸವರಿದ ಹಾಗೆ ಸವರಿ ಗುರುತಿಸುತ್ತಿದ್ದರು.

ಒಳಗೆ ದೋಸೆ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

ಗಾಡಿ ಸಿಕ್ಕಿದ ದಿನ ಆಚಾರ್ರು ಬಿಗಿದ ಮುಖದಲ್ಲೇ ಬಂದರು. ಬಾಗಿಲಲ್ಲಿ ನಿಂತು ನಡುಮನೆ ನೋಡಿ, "ಅಯ್ಯಯ್ಯೋ, ಮಲಗಿಸಿಬಿಟ್ಟಿದ್ದೀರಲ್ಲಮ್ಮ!" ಎಂದು ಕೈ ತಲೆಯ ಮೇಲಿಟ್ಟರು. ವಿಷಯ ವಿವರಿಸಿದೆ. ಇದನ್ನು ಬಿಚ್ಚುವುದು ಬೇಡ, ಅತ್ತೆ ಕುರ್ಚಿಯಲ್ಲಿ ಕೂತರೆ ಕೈಗೆ ಎಟುಕುವ ಹಾಗೆ ಕೆಳಗೆ ಕಾಲು ಕೊಟ್ಟರೆ ಸಾಕು ಎಂದೆ. ಬಿಚ್ಚುವುದು ಬೇಡವೆಂದಾಗ ಮುಖ ಸಡಿಲವಾಯಿತಾದರೂ, ಶಾಸ್ತ್ರ ಒಪ್ಪಬೇಕಲ್ಲ. "ನಿಲ್ಲಿಸೋ ಲೆಕ್ಕಕ್ಕೆ ಇಟ್ಟ ಆಯ ಇದು. ಮಲಗಿಸಿದ್ರೆ ಹೆಂಗೋ ಏನೋ" ಎಂದು ಗಡ್ಡ ಕೆರೆದರು. ಮಣೆಯ ಮೇಲೆ ಕೂತಿದ್ದ ಅತ್ತೆ, ಪ್ಲೇಟಿನಿಂದ ಕೈ ತೆಗೆಯದೆ, ಮೆತ್ತಗೆ ಕೇಳಿದರು:

"ಆಚಾರ್ರೆ, ನೀವು ಯಾವ ಗುಡೀಲಿ ಬಸವಣ್ಣ ನಿಂತಿರೋದನ್ನ ನೋಡಿದ್ದೀರಿ? ಎಲ್ಲಾ ಕಡೇನೂ ಮಲಗೇ ಇರ್ತಾನಲ್ಲ."

ಆಚಾರ್ರು ಸ್ವಲ್ಪ ಹೊತ್ತು ಅತ್ತೆಯನ್ನೇ ನೋಡಿದರು. ನನ್ನ ಬದುಕಿನಲ್ಲಿ ಅವರ ಎರಡನೆಯ ಮೌನ ಅದು. ಆಮೇಲೆ ಪೂರ್ತಿ ಬಾಯಿ ತೆರೆದು ನಕ್ಕು, "ಸರಿಯಾಗ್ ಹೇಳಿದ್ರಿ ತಾಯಿ! ಈಗ ಸರಿಯಾಗೇ ಕೂತಿದ್ದಾನೆ" ಎಂದು ಗಜಕೋಲು ಬಿಚ್ಚಿದರು. ಕಾಲುಗಳ ಎತ್ತರಕ್ಕೆ ಯಾವ ಶಾಸ್ತ್ರವನ್ನೂ ಕೇಳದೆ, ಅತ್ತೆಯನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮೊಣಕೈಯಿಂದ ನೆಲಕ್ಕೆ ಅಳೆದುಕೊಂಡರು. ಕಪಾಟಿನ ತಳಕ್ಕೆ ಗೆರೆ ಹಾಕುವ ಮೊದಲು ಗುಟ್ಟಾಗಿ ತುಟಿ ಅಲ್ಲಾಡಿಸಿದ್ದನ್ನು ನಾನು ನೋಡಿಯೂ ನೋಡದಂತಿದ್ದೆ.

ಇನ್ನು ಉಳಿದದ್ದು ಗುರುತಿನ ಕೆಲಸ. ಟೇಪು, ಹರಕು, ಇಲಿಕಡಿತಗಳ ಭಾಗ್ಯ ಎಲ್ಲ ಪ್ಲೇಟುಗಳಿಗೂ ಇರಲಿಲ್ಲ. ಹೊಳಲೂರಿನವು, ಬೇರೆಯವರು ಬಿಟ್ಟುಹೋದವು, ಅತ್ತೆಯ ಬೆರಳಿಗೆ ಅಪರಿಚಿತ. ಅಂಗಡಿಯಿಂದ ತುಂಡುಬಟ್ಟೆಗಳ ಒಂದು ಗಂಟು ತರಿಸಿ, ಸಿಸ್ಟರ್ ಕಲಿಸಿದ ಹೊಲಿಗೆಯನ್ನೆಲ್ಲ ಒಂದೇ ಸಲ ಖರ್ಚು ಮಾಡಿದೆ. ಹೊರಗೆ ಚಾಚಿದ ಕವಚದ ಅಂಚಿಗೆ ಒಂದೊಂದು ಪು‌ಟ್ಟ ಬಟ್ಟೆಯ ನಾಲಿಗೆ: ವಚನಗಳಿಗೆ ಖಾದಿ, ಶಾಸ್ತ್ರೀಯಕ್ಕೆ ಜರಿಯಂಚು, ಭಾವಗೀತೆಗೆ ವಾಯಿಲ್, ಸಿನಿಮಾ ಹಾಡಿಗೆ ಜಾರ್ಜೆಟ್. "ಸಿನಿಮಾಕ್ಕೆ ಜಾರ್ಜೆಟ್ಟೇ ಸರಿ, ಕೈಯಲ್ಲಿ ನಿಲ್ಲಲ್ಲ ಅದು" ಎಂದರು ಅತ್ತೆ. ಎಷ್ಟಾದರೂ ಬಟ್ಟೆ ಅಂಗಡಿಯವರ ಹೆಂಡತಿ. ನಾಟಕದ ಪ್ಲೇಟುಗಳಿಗೆ ಏನೆಂದು ನಾನು ಯೋಚಿಸುತ್ತಿದ್ದರೆ ಅವರೇ ವೆಲ್ವೆಟ್ ತುಂಡನ್ನು ಹುಡುಕಿಕೊಟ್ಟರು. ನಡುವೆ ನಾನು ಹೊಲಿದ ಒಂದು ಖಾದಿಯನ್ನು ಹಿಡಿದು ನೋಡಿ, "ಇದನ್ನ ಯಾಕೆ ಇಲ್ಲಿ ಹಾಕ್ದೆ? ಇದಕ್ಕೆ ವಾಯಿಲ್. ಬಿಚ್ಚು" ಎಂದರು. ಬಿಚ್ಚು! ಇಡೀ ಮಧ್ಯಾಹ್ನದ ಹೊಲಿಗೆ ಬಿಚ್ಚುತ್ತ ನನಗಾದ ಸಂತೋಷವನ್ನು ನಿಮಗೆ ಹೇಗೆ ಹೇಳಲಿ.

ಎಲ್ಲ ಮುಗಿದ ಮೇಲೆ ಸಿಸ್ಟರ್ ಪರೀಕ್ಷೆ ನಡೆಯಿತು. ಮೊದಲು ನನ್ನದೇ ಸರದಿ. ಕಣ್ಣು ಮುಚ್ಚಿ ಕೂತೆ, ಅತ್ತೆ ಒಂದು ಪ್ಲೇಟಿನ ಹೆಸರು ಹೇಳಿದರು, ನಾನು ಬಲು ಆತ್ಮವಿಶ್ವಾಸದಿಂದ ಎತ್ತಿಕೊಟ್ಟೆ. ಅವರು ಅದರ ಮುಖ ಸವರಿ, "ಅದಲ್ಲ ಮಾರಾಯ್ತಿ, ಅದರ ಹಿಂದಿಂದು" ಎಂದು ನಕ್ಕು, ತಾವೇ ಕೈಹಾಕಿ ತೆಗೆದರು. ತಡಕಾಡಲಿಲ್ಲ. ನನಗೆ ಅಂಕ ಕಟ್.

ಕೆಲವು ದಿನಗಳ ನಂತರ ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದವರು, ಏನೋ ಒಳ್ಳೆಯ ಮನಸ್ಸಿನಲ್ಲಿ, "ಅಮ್ಮಾ, ಯಾವ್ ಪ್ಲೇಟು ಹಾಕ್ಲಿ?" ಎಂದು ಕೇಳಿದ್ದು ಅಡುಗೆಮನೆಗೆ ಕೇಳಿಸಿತು. ಬಡಿಸುತ್ತಿದ್ದ ನನ್ನ ಕೈ ನಿಂತಿತು. ಆ ಹಳೆಯ ಉತ್ತರಕ್ಕಾಗಿ ಕಿವಿ ಭಯದಿಂದ ಕಾಯಿತು.

"ನೀನು ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ. ನಾನು ಹಾಕ್ತೀನಿ."

ಟಪ್. ಟಪ್. ಆಮೇಲೆ ಮಲ್‌ಬಟ್ಟೆ ಕೊಡವಿದ ಸದ್ದು. ಆಮೇಲೆ, ಮುಳ್ಳು ಇಳಿಯುವ ಮೊದಲಿನ ಆ ಉಸಿರು ಹಿಡಿದ ನಿಶ್ಶಬ್ದ. ಟೆಂಟಿನಲ್ಲಿ ಸಿನಿಮಾ ಶುರುವಾಗುವ ಮುನ್ನ ಕೂತಂತೆ, ನಾನೂ ಸೌಟು ಹಿಡಿದು ನಿಂತೆ.

ಇಷ್ಟೆಲ್ಲ ಮಾಡಿದವಳು ದೋಸೆಕಲ್ಲಿಗೆ ಇನ್ನೂ ಒಂದು ಜಾಗ ಮಾಡಿಲ್ಲವೇ ಎಂದು ನೀವು ಕೇಳಬಹುದು. ಆಚಾರ್ರು ಕೇಳಿಯೂ ಬಿಟ್ಟರು. ಸಿಂಹಾಯದಲ್ಲಿ ಒಂದು ಸ್ಟ್ಯಾಂಡು ಮಾಡಿಕೊಡಲು ತುದಿಗಾಲಲ್ಲಿದ್ದಾರೆ. ಬೇಡವೆಂದೆ. ಈವತ್ತು ಬೆಳಿಗ್ಗೆ ಕರೆಂಟು ಹೋಗಿ ಅಡುಗೆಮನೆ ಮಬ್ಬಾಗಿತ್ತು. ಸುಮ್ಮನೆ ಒಮ್ಮೆ ನೋಡೋಣವೆಂದು ಪೂರ್ತಿ ಕಣ್ಣು ಮುಚ್ಚಿ, ಸಿಸ್ಟರ್ ದನಿಯಲ್ಲಿ ನನಗೆ ನಾನೇ "ದೋಸೆಕಲ್ಲು" ಎಂದುಕೊಂಡೆ. ಕೈ ತಾನಾಗಿ ಇಳಿಯಿತು, ಸಿಲಿಂಡರಿನ ತಣ್ಣನೆಯ ಭುಜ ದಾಟಿತು, ಗೋಡೆಯ ಸಂದಿಗೆ ಹೋಯಿತು. ಒರಗಿಕೊಂಡು ಕಾದಿದ್ದ ಹಿಡಿ ಅಂಗೈಯೊಳಗೆ ಬಂದು ಕೂತಿತು.